ಘಾಟು

ಬಸ್ಸು ದಂಡಿನಶಿವರ ಬಿಟ್ಟ ಮೇಲೆ ಗಿರಿಜಾಂಬಿಕಾಳಿಗೆ ತಾನು ಬೆಳಿಗ್ಗೆ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಶುರುವಾಯಿತು. ಬೀಗದ ಕೈ ಚೀಲದಲ್ಲಿತ್ತು. ಆದರೆ ಬೀಗದ ಕೈ ಚೀಲದಲ್ಲಿದ್ದ ಮಾತ್ರಕ್ಕೆ ಬೀಗ ಬಿದ್ದಿದೆ ಎಂದೇನೂ ಅಲ್ಲ. ತುರುವೇಕೆರೆಯ ಆ ಬಾಡಿಗೆ ಕೋಣೆಯಿಂದ ಕಳ್ಳ ಕೊಂಡೊಯ್ಯುವಂಥದ್ದು ಏನಿದೆ ಎಂದು ಲೆಕ್ಕ ಹಾಕಿದಳು: ಸೀಮೆಎಣ್ಣೆ ಸ್ಟೌವು, ಎರಡು ಟ್ರಂಕು, ಹಾಲಸ್ವಾಮಿಯ ಪುಸ್ತಕಗಳು, ಅವನ ಕನ್ನಡಕ. ಕನ್ನಡಕವನ್ನು ಯಾರೂ ಒಯ್ಯುವುದಿಲ್ಲ, ಅದರ ಒಂದು ಗಾಜು ಬಿರುಕು ಬಿಟ್ಟಿದೆ. ಗಂಡ ಸತ್ತು ಮೂರು ವರ್ಷವಾದರೂ ಅವಳಿಗೆ ಅಳು ಬಂದಿರಲಿಲ್ಲ. ಬರುತ್ತಿದ್ದುದು ಇಂಥ ಅನುಮಾನಗಳು: ಬೀಗ, ನಲ್ಲಿ, ಸ್ಟೌವಿನ ಬತ್ತಿ. ಮೂರು ದಿನದ ಜ್ವರದಲ್ಲಿ ಒಬ್ಬ ಮನುಷ್ಯ ಹೋಗಿಬಿಟ್ಟ ಮೇಲೆ ಯಾವುದೂ ಸರಿಯಾಗಿ ಮುಚ್ಚಿದೆ ಎಂದು ನಂಬುವುದು ಕಷ್ಟ. ಚೀಲದಲ್ಲಿ ಬೀಗದ ಕೈಯ ಜೊತೆ ಒಂದು ಕಾಗದವೂ ಇತ್ತು. ಅದನ್ನು ಅವಳು ನಾಲ್ಕು ದಿನದಿಂದ ಆಫೀಸಿಗೆ ಒಪ್ಪಿಸದೆ ಇಟ್ಟುಕೊಂಡಿದ್ದಳು. ಸಂಗೇನಪಾಳ್ಯದ ಬಾಲವಾಡಿಯ ಟೀಚರು ರೇವಮ್ಮ ಕೆಲಸ ಬಿಡುತ್ತೇನೆಂದು ಕೊಟ್ಟ ಕಾಗದ. ಯಾರೋ ಮೇಷ್ಟ್ರ ದುಂಡನೆಯ ಅಕ್ಷರದಲ್ಲಿ, 'ಮನೆಯ ಅನಾನುಕೂಲದ ಕಾರಣ' ಎಂದು ಬರೆದಿತ್ತು. ಕೆಳಗೆ ರೇವಮ್ಮನ ರುಜು. ರುಜುವಿನ ಕೆಳಗೆ, ಕಾಗದ ಮುಗಿದ ಮೇಲೆ ನೆನಪಾಗಿ ಸೇರಿಸಿದಂತೆ, ಬೇರೆ ಶಾಯಿಯಲ್ಲಿ, ಏಳನೆಯ ತರಗತಿಗೆ ನಿಂತುಹೋದ ಕೈಯ ಒಂದು ಸಾಲು: 'ನಾನು ಮಕ್ಕಳನ್ನು ಸುಮ್ಮನೆ ಕೂರಿಸಿರಲಿಲ್ಲ.'

ಆ ಸಾಲು ಯಾರಿಗೆ ಬರೆದದ್ದು? ನಿಯಮದಂತೆ ಕಾಗದ ಆಫೀಸಿಗೆ. ಆದರೆ ಬಾಲವಾಡಿಗಳನ್ನು ತಿಂಗಳಿಗೊಮ್ಮೆ ನೋಡಿಕೊಂಡು ಬರುವ ಮೇಲ್ವಿಚಾರಕಿ ತಾನೇ ಆದ್ದರಿಂದ ಆ ಸಾಲು ತನಗೇ ಎಂದು ಅವಳಿಗೆ ಗೊತ್ತಿತ್ತು, ಮತ್ತು ಗೊತ್ತಿಲ್ಲದಂತೆ ಇರಲು ನೋಡುತ್ತಿದ್ದಳು. ಇವತ್ತು ರೇವಮ್ಮನಿಂದ ಕೀಲಿಕೈ ತೆಗೆದುಕೊಂಡು, ಚಾಪೆ ಲೋಟ ಎಣಿಸಿ, ಚಾರ್ಜು ಬರೆಸಿಕೊಂಡು ಸಂಜೆಯ ಬಸ್ಸಿಗೆ ವಾಪಸಾಗಬೇಕು. ಇಷ್ಟೇ ಕೆಲಸ.

ಕೈಮರದ ಹತ್ತಿರ ಇಳಿದು ನಡೆದಳು. ಎರಡು ಮೈಲಿ. ಎರಡೂ ಕಡೆ ತೋಟ, ಬಿದ್ದ ಗರಿಗಳು, ಮಟ್ಟೆಯ ಗುಡ್ಡೆಗಳು, ದೂರದಲ್ಲಿ ಯಾರೋ ಮಟ್ಟೆ ಸುಲಿಯುವ ಕುಯ್ಯೆಂಬ ಸದ್ದು. ಎದುರಿಗೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸು ಅವಳ ಬರಿ ಹಣೆ ನೋಡಿ ದಾರಿಯ ಆಚೆ ಅಂಚಿಗೆ ಸರಿದಳೋ, ಅಥವಾ ಆ ಅಂಚಿನಲ್ಲಿ ನೆರಳಿತ್ತೋ. ನೆರಳಿತ್ತು. ಗಿರಿಜಾಂಬಿಕಾ ತಿರುಗಿ ನೋಡಿ ಖಾತ್ರಿ ಮಾಡಿಕೊಂಡಳು. ಹಾಲಸ್ವಾಮಿ ಹೋದ ಮೇಲೆ ಹುಳಿಯಾರಿನ ಕಡೆ ಮೊದಲು ಕೆಲಸಕ್ಕೆ ಸೇರಿದಾಗ ಅವಳು ಹೀಗೆ ತಿರುಗಿ ನೋಡುತ್ತಿರಲಿಲ್ಲ. ಆಗ ಇನ್ನೂ ಮೈಸೂರಿನಲ್ಲಿ ಓದಿದ್ದು ತಲೆಯಲ್ಲಿ ಬಿಸಿಯಾಗಿತ್ತು. ಕೆಲಸ ಮಾಡುವವರಿಗೆ ಒಳ್ಳೆಯ ಮಾತು ಹೇಳಬೇಕು, ಮಗುವಿನ ಎದುರಲ್ಲೇ ಮಗುವನ್ನು ಮೆಚ್ಚಬೇಕು ಎಂದು ಪರೀಕ್ಷೆಯಲ್ಲಿ ಎಂಟು ಪುಟ ಬರೆದವಳು. ಆ ಕಡೆಯ ಒಂದು ಹಟ್ಟಿಯ ಬಾಲವಾಡಿಯಲ್ಲಿ ಒಂದು ಹುಡುಗಿ ಇಪ್ಪತ್ತರವರೆಗೆ ಎಣಿಸಿ ತೋರಿಸಿತು. ಇವಳು ಅದನ್ನು ಹತ್ತಿರ ಕರೆದು, ಕೆನ್ನೆ ಹಿಡಿದು, ಎಷ್ಟು ಚೆನ್ನಾಗಿ ಎಣಿಸುತ್ತೀಯೇ, ಎಷ್ಟು ಜಾಣೆ ಎಂದಳು. ಹುಡುಗಿಯ ಅಜ್ಜಿ ಚಿಕ್ಕಗಂಗಮ್ಮ ಬಾಗಿಲಲ್ಲೇ ನಿಂತಿದ್ದಳು. ಮಗುವನ್ನು ಎಳೆದುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಹಿತ್ತಲಿನಲ್ಲಿ ಒಲೆ ಉರಿಯುವುದು ಗೋಡೆಯ ಮೇಲಿಂದ ಕಂಡಿತು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕುತ್ತಿದ್ದರು. "ನೋಡೇ, ಘಾಟೇ ಬರ್ನಿಲ್ಲ," ಎಂದಿತು ಚಿಕ್ಕಗಂಗಮ್ಮನ ದನಿ. "ಐದು ಮೆಣಸಿನ್ಕಾಯಿ ಹಾಕಿವ್ನಿ, ಒಂದು ಕೆಮ್ಮಿಲ್ಲ. ಅದೇನು ಕಣ್ಣೋ ಆ ಗಂಡ ಸತ್ತೋಳ್ದು." ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂದು ಅವಳಿಗೆ ಚಿಕ್ಕಂದಿನಿಂದ ಗೊತ್ತು, ಅದನ್ನು ಚಿಕ್ಕಂದಿನಿಂದ ನಂಬದೆಯೂ ಇದ್ದಾಳೆ. ಆದರೂ ಗೋಡೆಯ ಈಚೆ ನಿಂತು ಮೂಗು ಅರಳಿಸಿ ಗಾಳಿ ಎಳೆದುಕೊಂಡಿದ್ದಳು. ಘಾಟು ನಿಜವಾಗಿಯೂ ಬಂದಿರಲಿಲ್ಲ.

ಆಮೇಲೆ ಅವಳು ಯಾರನ್ನೂ ಹೊಗಳಲಿಲ್ಲ. ಹೊಗಳಬಾರದೆಂದು ತೀರ್ಮಾನ ಮಾಡಿದ್ದೇನಲ್ಲ. ಮಾತು ಗಂಟಲಿನವರೆಗೆ ಬರುತ್ತಿತ್ತು, ಹಿತ್ತಲ ಆ ಒಲೆ ಕಾಣುತ್ತಿತ್ತು, ಮಾತು ಅಲ್ಲೇ ಕೂರುತ್ತಿತ್ತು. ವರ್ಗ ಕೇಳಿಕೊಂಡು ತುರುವೇಕೆರೆಗೆ ಬಂದಳು. ಬಂದ ಮೇಲೆ ಬರೆಯುವುದೂ ಕಡಿಮೆಯಾಯಿತು. ಬಾಲವಾಡಿಯಲ್ಲಿ ಒಂದು ಭೇಟಿ ಪುಸ್ತಕ ಇರುತ್ತದೆ. ಮೇಲ್ವಿಚಾರಕಿ ಹೋದಾಗಲೆಲ್ಲ ಅದರಲ್ಲಿ ಬರೆದು ಬರಬೇಕು. ಅಚ್ಚಾದ ಪುಟ, ನಾಲ್ಕು ಕಾಲಂ. ತಾರೀಕು, ಹಾಜರಿದ್ದ ಮಕ್ಕಳು, ಕಂಡುಬಂದ ನ್ಯೂನತೆಗಳು, ರುಜು. ಅವಳ ಜೊತೆಯ ಮೇಲ್ವಿಚಾರಕಿಯರು ಮೂರನೆಯ ಕಾಲಂ ತುಂಬಿಸುವುದರಲ್ಲಿ ಶೂರರು. ಅವಳು ಒಂದು ಸಾಲು ಬರೆದು ಬರುತ್ತಿದ್ದಳು. ಒಂದು ಸಾಲು ಬರೆದರೆ ಯಾರಿಗೂ ಏನೂ ತಗುಲುವುದಿಲ್ಲ. ಹಾಲಸ್ವಾಮಿ ಇದ್ದಾಗಲೂ ಅವಳು ಹೆಚ್ಚು ಮಾತಿನವಳಲ್ಲ. ಅವನು ತಿಪಟೂರಿನ ಕಾಲೇಜಿನಲ್ಲಿ ಲೆಕ್ಚರರು, ಬೆಳಿಗ್ಗೆ ಅವಳಿಗಿಂತ ಮೊದಲೆದ್ದು ತಾನೇ ಕಾಫಿ ಸೋಸುತ್ತಿದ್ದ. ಲೋಟ ಕೈಗೆ ಕೊಟ್ಟು, ಬಾಗಿಲಿಗೆ ಒರಗಿ, ಹೇಗಿದೆ ಎಂದು ಕೇಳುತ್ತಿದ್ದ. ಅವಳು ಪುಸ್ತಕದಿಂದ ಕಣ್ಣು ತೆಗೆಯದೆ, ಇದೆ, ಎನ್ನುತ್ತಿದ್ದಳು. ಅದು ಅವರಿಬ್ಬರ ನಡುವೆ ತಮಾಷೆಯಾಗಿತ್ತು ಎಂದು ಅವಳು ಅಂದುಕೊಂಡಿದ್ದಳು. ಜ್ವರ ಹತ್ತುವ ದಿನವೂ ಕಾಫಿ ಸೋಸಿದ್ದ. ಆ ದಿನ ಅದು ನಿಜವಾಗಿಯೂ ಚೆನ್ನಾಗಿತ್ತು. ಚಿಕೋರಿ ಬೇರೆ ಅಂಗಡಿಯದು. ಹೇಗಿದೆ ಎಂದ. ಇದೆ ಎಂದಳು.

ಊರ ಬಾಗಿಲಲ್ಲೇ ಬಾಲವಾಡಿ ಕಮಿಟಿಯ ಅಧ್ಯಕ್ಷ ತೋಂಟದಾರ್ಯನ ಮನೆ. ಬಾಲವಾಡಿ ನಡೆಯುವುದೂ ಆತನದೇ ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ. ಬಾಡಿಗೆ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಸಿಕ್ಕಿದವರಿಗೆಲ್ಲ ಹೇಳುತ್ತಾನೆ. ವಿಭೂತಿ ಹಚ್ಚಿದ ಅಗಲವಾದ ಹಣೆ, ಹೆಗಲಿನಲ್ಲಿ ಟವೆಲು. ಜಗುಲಿಯಿಂದ ಎದ್ದು ನಿಂತ.

"ಬನ್ನಿ ತಾಯಿ, ಈ ಬಿಸ್ಲಲ್ಲಿ ನಡ್ಕಂಡ್ ಬಂದ್ರಾ? ಒಂದ್ಮಾತು ಹೇಳ್ಕಳ್ಸಿದ್ರೆ ಗಾಡಿ ಕಟ್ಟಿಸ್ತಿದ್ದೆ." ನೀರು ತರಿಸಿದ. ಆಮೇಲೆ ದನಿ ತಗ್ಗಿಸಿ, "ನೀವು ಬರ್ದಿದ್ದು ಬಾಳ ಒಳ್ಳೇದಾಯ್ತು ಕಣಮ್ಮ. ಊರೋರು ನಾವಂದ್ರೆ ಜಾತಿ ಮಾತು ಅಂತಾರೆ. ಆಫೀಸ್ನೋರೇ ಬರ್ದವ್ರೆ ಅಂದ್ಮೇಲೆ ಯಾರೂ ಬಾಯಿ ಬಿಡಂಗಿಲ್ಲ," ಎಂದ.

"ನಾನು ಏನು ಬರೆದಿದ್ದೆ?"

ಆತನಿಗೆ ಬಾಯಿಪಾಠವಾಗಿತ್ತು. "ಕಂಡುಬಂದ ನ್ಯೂನತೆಗಳು: ಹನ್ನೊಂದು ಗಂಟೆಗೆ ಹೋದಾಗ ಇಪ್ಪತ್ತಾರು ಮಕ್ಕಳು ಕಣ್ಣು ಮುಚ್ಚಿ ಸದ್ದಿಲ್ಲದೆ ಕೂತಿದ್ದರು. ಇಷ್ಟೇ! ಎಷ್ಟು ಬಿಗಿಯಾಗಿ ಬರ್ದಿದೀರಿ. ಕಮಿಟೀಲಿ ಎದ್ದು ನಿಂತ್ಕಂಡು ಓದಿದೆ. ಹಿಂದೆ ಕೂತಿದ್ದೋರಿಗೆ ಕೇಳಿಸ್ನಿಲ್ಲ ಅಂದ್ರು, ಇನ್ನೊಂದ್ಸಲ ಓದಿದೆ."

"ರೇವಮ್ಮ ಇದ್ದರಾ ಅಲ್ಲಿ?"

"ಇದ್ಲು. ಬಾಗ್ಲಲ್ಲಿ ನಿಂತಿದ್ಲು. ನಮ್ಮ ಶಿವಣ್ಣ ಒಬ್ಬ ಬಾಯಿ ಬಡುಕ, 'ಮಂದೆ ಮಲಗ್ಸಿದಂಗೆ ಮಲಗ್ಸವ್ಳೆ ಬುಡ್ರಪ್ಪ, ಕುರುಬ್ರು ಕಸುಬು ಎಲ್ಲೋಯ್ತದೆ' ಅಂದ. ಎಲ್ಲಾ ನಕ್ರು. ತಮಾಷೆಗೆ ಕಣಮ್ಮ. ಅದ್ಕೇ ಅವಳು ಮಾರನೇ ದಿನ ಕಾಗ್ದ ಬರ್ಸಿ ಕೊಟ್ಬುಡೋದಾ? ನನ್ನ ತಂಗಿ ಸೊಸೆ ಒಬ್ಳು ಎಸ್ಸೆಸ್ಸೆಲ್ಸಿ ಪಾಸಾಗಿ ಮನೇಲೇ ಅವ್ಳೆ. ನೀವು ಹೂಂ ಅಂದ್ರೆ ನಾಳೇನೇ ಬತ್ತಾಳೆ."

ನೀರಿನ ಲೋಟ ಗಿರಿಜಾಂಬಿಕಾಳ ಕೈಯಲ್ಲೇ ಇತ್ತು. ಅವಳಿಗೆ ಮೊದಲು ಹೊಳೆದದ್ದು ಕಾಲಂ. ಬರೆಯಲು ಪುಟದಲ್ಲಿ ಇದ್ದದ್ದು ಅದೊಂದೇ ಜಾಗ. ಏನು ಕಂಡರೂ ಅಲ್ಲೇ ಬರೆಯಬೇಕು, ಅಲ್ಲಿ ಬರೆದದ್ದೆಲ್ಲ ನ್ಯೂನತೆಯೇ ಆಗಬೇಕು. ಆದರೆ ಅಚ್ಚು ಮಾಡಿದವರನ್ನು ಬಯ್ದುಕೊಂಡು ಎಷ್ಟು ದೂರ ಹೋಗಲು ಸಾಧ್ಯ? ಆ ದಿನ ಅವಳು ಆ ಕೋಣೆಯ ಹೊಸ್ತಿಲಲ್ಲಿ ಕಾಲು ಗಂಟೆ ನಿಂತಿದ್ದಳು. ಮಕ್ಕಳು ಕಣ್ಣು ಮುಚ್ಚಿ ಕೂತಿದ್ದವು. ರೇವಮ್ಮ ಅವುಗಳ ಹಿಂದೆ ಬರಿಗಾಲಲ್ಲಿ ಓಡಾಡುತ್ತ ಒಂದೊಂದು ಕಿವಿಯ ಹತ್ತಿರ ಒಂದು ತೆಂಗಿನಕಾಯಿ ಅಲ್ಲಾಡಿಸುತ್ತಿದ್ದಳು. ಮಗು ಕೈಬೆರಳಿನಲ್ಲಿ ಒಂದು, ಎರಡು, ಮೂರು ಎಂದು ತೋರಿಸುತ್ತಿತ್ತು. ಒಂದು ಪಿಸುಮಾತಿಲ್ಲ. ಅಟ್ಟದ ಮೇಲೆ ಇಲಿ ಓಡಿ ಕಾಯೊಂದು ಉರುಳಿದ್ದು, ಹೊರಗೆ ಗರಿ ಗರಿಗೆ ತಾಗಿದ್ದು, ಯಾವುದೋ ಮಗುವಿನ ಶೀತದ ಉಸಿರು, ಎಲ್ಲ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು. ಹಾಲಸ್ವಾಮಿ ಹೋದ ಮೇಲೆ ಅವಳ ಕಿವಿಗೆ ಬಟ್ಟೆ ತುರುಕಿದಂತಿತ್ತು. ಬಸ್ಸಿನ ಸದ್ದು, ಆಫೀಸಿನ ಸದ್ದು, ಸಮಾಧಾನ ಹೇಳುವವರ ಸದ್ದು ಎಲ್ಲ ಒಂದೇ ಮಂಕು ಸದ್ದು. ಆ ದಿನ ಬಟ್ಟೆ ತೆಗೆದರು ಯಾರೋ. ಒಳಗೆ ಹೋದರೆ ಅದು ಒಡೆಯುತ್ತದೆ ಎಂದು ನಿಂತೇ ಇದ್ದಳು. ಆಮೇಲೆ ಮಕ್ಕಳು ಕಣ್ಣು ಬಿಟ್ಟು ಗಲಾಟೆ ಎದ್ದಾಗ, ಬಸ್ಸಿಗೆ ಹೊತ್ತಾಯಿತೆಂದು ಪುಸ್ತಕ ತೆಗೆದು, ತನಗೆ ಆದದ್ದರಲ್ಲಿ ಬರೆಯಬಹುದಾದಷ್ಟನ್ನು ಬರೆದಳು. ಒಂದು ಸಾಲು. ಹಾಲಸ್ವಾಮಿಗೆ ಇದೆ ಎಂದ ಹಾಗೆ. ರೇವಮ್ಮ ಪಕ್ಕದಲ್ಲಿ ಕೈ ಒರೆಸಿಕೊಳ್ಳುತ್ತ ನಿಂತು ಅವಳ ಮುಖವನ್ನೇ ನೋಡುತ್ತಿದ್ದಳು. ಏನೋ ಕಾಯುತ್ತಿದ್ದಳು. ಈಗ ನೆನಪಾಗುತ್ತದೆ, ಅದೇ ಬಾಗಿಲಿಗೆ ಒರಗಿದ ಮುಖ.

"ನಾನು ಅಲ್ಲಿಗೆ ಹೋಗುತ್ತೇನೆ," ಎಂದಳು. ಜಗುಲಿಯ ಅಂಚಿಗಿಟ್ಟ ಲೋಟ ಉರುಳಿ ನೀರು ಚೆಲ್ಲಿತು.

ಕೋಣೆಯಲ್ಲಿ ಮಕ್ಕಳು ಸಾಲಾಗಿ ಕೂತು ಲೋಟಗಳನ್ನು ಇಟ್ಟುಕೊಂಡಿದ್ದವು. ಮೂಲೆಯ ಒಲೆಯ ಮೇಲೆ ಹಳದಿ ನುಚ್ಚಿನ ಉಪ್ಪಿಟ್ಟು ಬೇಯುತ್ತಿತ್ತು. ನಲವತ್ತು ದಾಟಿದ ಹೆಂಗಸು ರೇವಮ್ಮ, ಎತ್ತರ, ಸ್ವಲ್ಪ ಬಾಗಿದ ಬೆನ್ನು. ಅವಳು ಎದ್ದು ಕೈ ಮುಗಿದಳು, ಮುಖ ನೋಡಲಿಲ್ಲ. ಸ್ಟೂಲಿನ ಮೇಲೆ ಭೇಟಿ ಪುಸ್ತಕ, ಹಾಜರಿ ಪುಸ್ತಕ, ಅವುಗಳ ಮೇಲೆ ಕೀಲಿಕೈ.

"ಎಲ್ಲಾ ಎಣ್ಸಿ ಇಟ್ಟಿವ್ನಿ ಅಮ್ಮಾರೆ. ಚಾಪೆ ನಾಕು. ಲೋಟ ಮೂವತ್ತು, ಅದ್ರಾಗೆ ಎರಡು ತೂತು. ಸ್ಲೇಟು ಹನ್ನೊಂದು. ಗೊಂಬೆ ಒಂದು ಕೈ ಮುರ್ದೈತೆ, ಅದು ನಾ ಬರೋಕ್ ಮುಂಚಿಂದು. ಮಕ್ಳು ಉಂಡ್ಮೇಲೆ ನೀವು ಕೀಲಿ ತಗಳಿ."

"ರೇವಮ್ಮ, ಆ ದಿನ ನಾನು ಬರೆದದ್ದು..."

"ಬರ್ದಿದ್ದು ಬರ್ದಾಯ್ತು ಬುಡಿ. ಸುಳ್ಳೇನಲ್ಲ. ಮಕ್ಳು ಕಣ್ ಮುಚ್ಕಂಡೇ ಕೂತಿದ್ವು." ಸೌಟಿನಿಂದ ಉಪ್ಪಿಟ್ಟು ತಿರುವಿದಳು. ತಿರುವುವ ಅಗತ್ಯವಿರಲಿಲ್ಲ.

ಸಾಲಿನ ತುದಿಯಲ್ಲಿದ್ದ ಒಂದು ಹುಡುಗಿ, ಬೋರಮ್ಮ ಎಂದು ಹೆಸರು, ಬೋರಿ ಎಂದು ಕರೆಯುತ್ತಿದ್ದರು, ಎದ್ದು ಬಂದು ಗಿರಿಜಾಂಬಿಕಾಳ ಸೆರಗು ಜಗ್ಗಿತು. "ಮೇಡಮ್ಮ, ಕಾಯಾಟ ಆಡ್ತೀಯಾ?" ಗೋಡೆಯ ಬದಿಯಲ್ಲಿ ಮೂರು ಕಾಯಿಗಳಿದ್ದವು. ರೇವಮ್ಮ ಗದರಿಕೊಂಡಳು, ಆದರೆ ಹುಡುಗಿ ಆಗಲೇ ಒಂದನ್ನು ಎರಡು ಕೈಯಲ್ಲಿ ಅಪ್ಪಿಕೊಂಡು ತಂದಿತ್ತು. ಗಿರಿಜಾಂಬಿಕಾ ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿದಳು. ಕಿವಿಯ ಹತ್ತಿರ ಗುಳುಗುಳು ಎಂದಿತು. ನೀರಿರುವ ಕಾಯಿ. ಆ ದಿನ ಮಕ್ಕಳು ತೋರಿಸಿದ ಹಾಗೆ ಒಂದು ಬೆರಳು ತೋರಿಸಿದಳು. ಮಕ್ಕಳು ಹೋ ಎಂದವು. ಇನ್ನೊಂದು, ಗಡಗಡ, ಒಳಗೆ ಕೊಬ್ಬರಿ ಒಣಗಿ, ಕರಟ ಬಿಟ್ಟು, ಗಿಟುಕಾಗಿ ಉರುಳುವ ಸದ್ದು. ಮೂರು ಬೆರಳು. ಮತ್ತೆ ಹೋ. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಕಾಯಿ ತರಲು ಹೋಗಿದ್ದಾರೆ ಎಂದುಕೊಂಡಳು. ಹುಡುಗಿಯ ಉಸಿರು ಮಾತ್ರ ಕೆನ್ನೆಗೆ ಬಡಿಯುತ್ತಿತ್ತು. "ಅಲ್ಲಾಡಿಸ್ತಾ ಇವ್ನಿ," ಎಂದಿತು ಬೋರಿ, "ಯೋಳು." ಕಣ್ಣು ಬಿಟ್ಟಳು. ಹುಡುಗಿ ಕಾಯಿಯನ್ನು ಜೋರಾಗಿ ಅಲ್ಲಾಡಿಸುತ್ತಿತ್ತು, ಸದ್ದೇ ಇಲ್ಲ.

"ಅದು ಸತ್ತುಹೋಗಿದೆಯಾ?"

"ಇಲ್ಲಾ," ಎಂದವು ಇಪ್ಪತ್ತಾರೂ ಮಕ್ಕಳು ಒಟ್ಟಿಗೆ, ಇಂಥ ದಡ್ಡಿಯನ್ನು ನೋಡೇ ಇಲ್ಲವೆಂಬಂತೆ.

ರೇವಮ್ಮ ಒಲೆಯ ಹತ್ತಿರದಿಂದಲೇ, ತಡೆಯಲಾರದೆ, ಪಾಠ ಹೇಳುವ ದನಿಯಲ್ಲಿ ಹೇಳಿದಳು. "ನೀರು ಬತ್ತೈತೆ, ಕೊಬ್ರಿ ಇನ್ನೂ ಕರಟ ಬಿಟ್ಟಿಲ್ಲ. ಅದ್ಕೇ ಸದ್ದಿಲ್ಲ, ಅದ್ಕೆ ಎರಡು ಬೆರಳು. ಕೆಟ್ಟೈತೆ ಅಂತ ಅದನ್ನ ಎಸೀಬಾರ್ದು. ಎರಡು ತಿಂಗ್ಳು ಕಾಯ್ಬೇಕು. ಮೂರಕ್ಕೂ ಎರಡಕ್ಕೂ ಯತ್ವಾಸ ಗೊತ್ತಾಗ್ಲಿ ಅಂತ... ಕಿವಿ ಚುರುಕಾದ್ರೆ ಅಕ್ಸರನೂ ಬೇಗ ಹತ್ತುತ್ತವೆ, ಹಂಗೆ ನಂಗನ್ನಿಸ್ತು. ನಂಗ್ಯಾರೂ ಹೇಳ್ಕೊಟ್ಟಿಲ್ಲ. ತಪ್ಪಿದ್ರೂ ಇರ್ಬೋದು."

ಗಿರಿಜಾಂಬಿಕಾ ಆ ಮೂಕ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಈಗ ಹೇಳಬೇಕು. ಗಂಟಲಿನವರೆಗೆ ಬಂತು. ಹುಳಿಯಾರಿನ ಕಡೆಯ ಆ ಗೋಡೆ ಕಾಣಿಸಿತು. "ನನಗೆ ಆ ದಿನ..." ಎಂದಳು. "ನಾನು ಹೊಗಳುವುದಿಲ್ಲ, ರೇವಮ್ಮ. ನನ್ನ ಬಾಯಲ್ಲಿ ಹೊಗಳಬಾರದು." ಯಾಕೆ ಎಂದು ರೇವಮ್ಮ ಕೇಳಿದಳು. ಅವಳು ಮೂರೇ ಮಾತಿನಲ್ಲಿ ಹೇಳಿದಳು, ಹುಡುಗಿ ಎಣಿಸಿದ್ದು, ಅಜ್ಜಿ ಮೆಣಸಿನಕಾಯಿ ಸುಟ್ಟದ್ದು, ಘಾಟು ಬಾರದೇ ಇದ್ದದ್ದು. ಇದನ್ನು ಅವಳು ಅತ್ತೆಗೆ ಹೇಳಿರಲಿಲ್ಲ, ತಾಯಿಗೆ ಹೇಳಿರಲಿಲ್ಲ. ಹೇಳುತ್ತಿರುವಾಗ ಅದು ಎಷ್ಟು ಸಣ್ಣದೆಂದು ನಾಚಿಕೆಯಾಯಿತು.

ರೇವಮ್ಮ ಸೌಟು ಕೆಳಗಿಟ್ಟಳು. ಮೊದಲ ಸಲ ನೇರವಾಗಿ ನೋಡಿದಳು.

"ಅಯ್ಯೋ ನಮ್ಮವ್ವ! ಅದ್ಕಾ ನೀವು ಬಂದಾಗೆಲ್ಲ ಬಾಯಿಗೆ ಬೀಗ ಹಾಕ್ಕಂಡಿರ್ತಿದ್ರಿ? ನಾನು, ಓದಿದೋರು, ದೊಡ್ಡೋರು, ನಮ್ಮಂತೋರ ಕೆಲ್ಸ ಕಣ್ಣಿಗೆ ಹಿಡಿಯಾಕಿಲ್ಲ ಅನ್ಕಂಡಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಕು ವರ್ಸ ಆಯ್ತು ಅಮ್ಮಾರೆ, ಈ ಮಕ್ಳ ಮೂಗು ಒರ್ಸಾಕೆ ಬಂದು. ಉಪ್ಪಿಟ್ಟಲ್ಲಿ ಉಪ್ಪು ಕಮ್ಮಿ ಅಂದೋರವ್ರೆ, ಚಾಪೆ ಕೊಳೆ ಅಂದೋರವ್ರೆ. ಚೆನ್ನಾಗೈತೆ ಅಂತ ಒಂದು ನರಪಿಳ್ಳೆ ಅಂದಿಲ್ಲ. ಮಂದೆ ಮಲಗ್ಸವ್ಳೆ ಅಂದ್ರಲ್ಲ, ಅದ್ಕೂ ನಂಗೆ ಅಷ್ಟು ಉರೀನಿಲ್ಲ. ನೀವು ನಿಂತ್ಕಂಡು ನೋಡಿದ್ರಿ. ನಿಮ್ಗೆ ತಿಳೀತು ಅನ್ಕಂಡಿದ್ದೆ. ನೋಡಿನೂ ಹಂಗೆ ಬರುದ್ರಲ್ಲಾ ಅಂತ." ಒಲೆಯ ಸೌದೆಯನ್ನು ಒಳಕ್ಕೆ ತಳ್ಳಿದಳು. "ದೃಷ್ಟಿ ಆದ್ರೆ ಆಗ್ಲಿ ಬುಡಿ. ತೆಗ್ಯಾಕೆ ಮೆಣಸಿನ್ಕಾಯಿ ನಂತಾವೂ ಅವೆ. ಒಂದ್ಸಲ ಅನ್ನಿ."

ಮಕ್ಕಳು ಆಟ ಶುರುವಾಯಿತೇನೋ ಎಂದು ಸುಮ್ಮನಾದವು, ಒಂದೆರಡು ಕಣ್ಣೂ ಮುಚ್ಚಿಕೊಂಡವು.

"ಚೆನ್ನಾಗಿತ್ತು," ಎಂದಳು ಗಿರಿಜಾಂಬಿಕಾ. ದನಿ ಒಡೆದು, ಬೇರೆ ಯಾರೋ ಪಕ್ಕದ ಕೋಣೆಯಲ್ಲಿ ಹೇಳಿದಂತೆ ಕೇಳಿಸಿತು. "ಬಹಳ ಚೆನ್ನಾಗಿತ್ತು. ಆ ದಿನವೇ ಹೇಳಬೇಕಿತ್ತು. ತಪ್ಪಾಯಿತು."

ಆಮೇಲೆ ಸ್ಟೂಲಿನ ಮೇಲಿದ್ದ ಕೀಲಿಕೈಯನ್ನು ಬದಿಗೆ ಸರಿಸಿ ಭೇಟಿ ಪುಸ್ತಕ ತೆಗೆದಳು. ಅವಳ ಒಂಟಿ ಸಾಲು ಅಲ್ಲೇ ಇತ್ತು, ಅಚ್ಚುಕಟ್ಟಾಗಿ, ನ್ಯೂನತೆಗಳ ಕೆಳಗೆ. ಅದನ್ನು ಹೊಡೆದುಹಾಕಲಿಲ್ಲ, ಹೊಡೆದುಹಾಕಿದರೆ ಯಾರೋ ಹೊಡೆಸಿದರೆಂಬ ಮಾತು ಬರುತ್ತದೆ. ತಾರೀಕು ಬರೆದಳು. ಪೆನ್ನು ಮೂರನೆಯ ಕಾಲಮಿಗೆ ಬಂದು ನಿಂತಿತು. ಬೆರಳಗಲದ ಜಾಗ. ಆ ಗೆರೆಯೊಳಗೆ ಕೂರುವಷ್ಟೇ ಹೇಳಿ ಹೇಳಿ ಅಭ್ಯಾಸವಾದ ಕೈ. ಅವಳು ಪುಸ್ತಕವನ್ನು ಅಡ್ಡ ತಿರುಗಿಸಿ, ನಾಲ್ಕೂ ಕಾಲಂಗಳ ಗೆರೆಗಳ ಮೇಲೆ, ಪುಟದ ಈ ತುದಿಯಿಂದ ಆ ತುದಿಗೆ ಬರೆದಳು. ಪುಟ ಮುಗಿದು ಹಿಂದಕ್ಕೆ ತಿರುಗಿಸಿದಳು. ಎಂ.ಎ. ಪರೀಕ್ಷೆಯಾದ ಮೇಲೆ ಇಷ್ಟು ಉದ್ದ ಬರೆದಿರಲಿಲ್ಲ. ಬೆರಳಿನ ಹಳೆಯ ಜಡ್ಡು ನೋಯಿತು. ರೇವಮ್ಮ ಉಪ್ಪಿಟ್ಟು ಬಡಿಸಿದಳು, ಮಕ್ಕಳು ಉಂಡವು, ತೂತಿನ ಲೋಟಕ್ಕೆ ಎರಡು ಮಕ್ಕಳು ಬೆರಳಿಟ್ಟು ನೀರು ಕುಡಿದವು. ಬರೆದು ಮುಗಿಸಿದಾಗ ರೇವಮ್ಮ, "ನಂಗೆ ಕೂಡ್ಸಿ ಬರ್ದಿದ್ದು ಓದೋದು ನಿಧಾನ. ನೀವೇ ಓದಿ," ಎಂದಳು.

ಅವಳು ಎದ್ದು ನಿಂತು ಓದಿದಳು. 'ಕಳೆದ ಭೇಟಿಯಲ್ಲಿ ನಾನು ನೋಡಿದ್ದನ್ನು ಪೂರ್ತಿ ಬರೆದಿರಲಿಲ್ಲ. ಅದು ನನ್ನ ತಪ್ಪು. ಆ ದಿನ ಮಕ್ಕಳು ಸದ್ದಿಲ್ಲದೆ ಕೂತಿದ್ದದ್ದು ಕೇಳಿಸಿಕೊಳ್ಳುವುದಕ್ಕಾಗಿ. ಟೀಚರು ರೇವಮ್ಮನವರು ಮೂರು ತೆಂಗಿನಕಾಯಿಗಳಿಂದ, ಯಾರೂ ಹೇಳಿಕೊಡದೆ, ತಾವೇ ಕಟ್ಟಿದ ಆಟ ಅದು. ನಾಲ್ಕು ವರ್ಷದ ಮಕ್ಕಳು ಕಾಲು ಗಂಟೆ ಒಂದೇ ಮನಸ್ಸಿನಿಂದ ಕೂತಿದ್ದನ್ನು ನಾನು ಈ ತಾಲ್ಲೂಕಿನಲ್ಲಿ ಬೇರೆಲ್ಲೂ ಕಂಡಿಲ್ಲ. ಇವತ್ತು ಒಂದು ಮಗು ನನಗೇ ಪಾಠ ಹೇಳಿತು. ಮುಂದಿನ ತಿಂಗಳು ತುರುವೇಕೆರೆಯಲ್ಲಿ ನಡೆಯುವ ಟೀಚರುಗಳ ಸಭೆಯಲ್ಲಿ ಈ ಆಟವನ್ನು ರೇವಮ್ಮನವರೇ ಎಲ್ಲರಿಗೂ ಕಲಿಸಬೇಕೆಂದು ಕೋರುತ್ತೇನೆ. ಅವರು ಕೆಲಸ ಬಿಡಬಾರದೆಂದೂ ಕೋರುತ್ತೇನೆ. ಎರಡು ಲೋಟ ತೂತಾಗಿವೆ, ಹೊಸ ಲೋಟ ಕಳಿಸುವುದು ನನ್ನ ಜವಾಬ್ದಾರಿ.'

ಓದುತ್ತಿದ್ದಂತೆ ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ತೋಂಟದಾರ್ಯ ಬಂದು ನಿಂತಿದ್ದ. ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಹತ್ತಿರ ಬಂದು ಪುಟ ನೋಡಿ, ನಿಜವಾದ ಕಳವಳದಿಂದ, "ಕಾಲಮ್ಮಿನ ಗೆರೆ ಮೇಲೆಲ್ಲ ಬರ್ದುಬುಟ್ಟಿದೀರಲ್ಲ ತಾಯಿ. ಮೇಲ್ನೋರು ಕೇಳುದ್ರೆ?" ಎಂದ.

"ಕೇಳಲಿ. ಅಧ್ಯಕ್ಷರೆ, ಬರುವ ಕಮಿಟಿಯಲ್ಲಿ ಇದನ್ನೂ ನೀವು ಎದ್ದು ನಿಂತೇ ಓದಬೇಕು. ಹಿಂದೆ ಕೂತವರಿಗೆ ಕೇಳಿಸದಿದ್ದರೆ ಇನ್ನೊಂದು ಸಲ."

ಆತ ಟವೆಲಿನಿಂದ ಕತ್ತು ಒರೆಸಿಕೊಂಡ. ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೋರಿ ಮೂಕ ಕಾಯಿಯನ್ನು ಎತ್ತಿಕೊಂಡು ಆತನ ಪಂಚೆಗೆ ಒರಗಿ ನಿಂತಿತು. "ತಾತ, ಕಣ್ ಮುಚ್ಕ." ಮೂವತ್ತು ವರ್ಷದಿಂದ ಅಟ್ಟಕ್ಕೆ ಕಾಯಿ ಏರಿಸಿ ಇಳಿಸಿದ ಮನುಷ್ಯ. ಕೈಗೆ ಕಾಯಿ ಬಂದರೆ ಕಿವಿಯ ಹತ್ತಿರ ಹೋಗದೆ ಇರುವುದಿಲ್ಲ. ಕಣ್ಣು ಮುಚ್ಚಿದ, ಅಲ್ಲಾಡಿಸಿದ, ಬೆರಳಿನಿಂದ ಎರಡು ಸಲ ತಟ್ಟಿದ. "ಇನ್ನೊಂದೆರಡು ತಿಂಗ್ಳು ಬೇಕು ಕಣವ್ವ ಇದ್ಕೆ," ಎಂದ. ಮಕ್ಕಳು ಚಾಪೆ ಕಿತ್ತುಹೋಗುವ ಹಾಗೆ ಕೂಗಿದವು. ಆತನಿಗೆ ನಗು ಬಂದುಬಿಟ್ಟಿತು, ತಡೆದುಕೊಂಡ. "ನಮ್ಮ ಅಟ್ಟದ್ದೇ ಕಾಯಿ ಇಳುಸ್ಕಂಡು ನಂಗೇ ಪರೀಕ್ಸೆ ಮಾಡ್ತವಲ್ಲ," ಎಂದು ರೇವಮ್ಮನ ಕಡೆ ನೋಡಿದ. ಕ್ಷಮೆ ಕೇಳುವ ಮುಖವೇನಲ್ಲ ಅದು. ಆದರೆ ಸ್ವಲ್ಪ ತಡೆದು, "ಓದ್ತೀನಿ ಬುಡಮ್ಮ. ಓದಿದ್ರೆ ಆಯ್ತಲ್ಲ," ಎಂದ. ಬಾಗಿಲಲ್ಲೇ ನಿಂತ, ಹೋಗಲಿಲ್ಲ.

"ಈಗ ಆ ಕಾಗ್ದ ಕೊಡಿ ಅಮ್ಮಾರೆ," ಎಂದಳು ರೇವಮ್ಮ.

ಗಿರಿಜಾಂಬಿಕಾ ಚೀಲದಿಂದ ತೆಗೆದುಕೊಟ್ಟಳು. ರೇವಮ್ಮ ಅದನ್ನು ಓದಲಿಲ್ಲ. ಉಪ್ಪಿನ ಡಬ್ಬಿಯಿಂದ ಒಂದು ಹಿಡಿ ಕಲ್ಲುಪ್ಪು, ಒಣ ಮೆಣಸಿನಕಾಯಿ ಐದು, ಎಲ್ಲ ಆ ಕಾಗದದಲ್ಲಿಟ್ಟು ಮಡಿಸಿ ಮುಷ್ಟಿ ಮಾಡಿಕೊಂಡಳು. ಮಕ್ಕಳ ಸಾಲಿನ ಸುತ್ತ ಮೂರು ಸಲ ನಿವಾಳಿಸಿದಳು. ಬೋರಿಗೆ ಒಂದು ಸಲ ಹೆಚ್ಚು. ತನ್ನ ತಲೆಯ ಮೇಲೂ ಒಮ್ಮೆ ಸುಳಿಸಿಕೊಂಡಳು. ಆಮೇಲೆ ಗಿರಿಜಾಂಬಿಕಾಳ ಎದುರಿಗೆ ಬಂದು ನಿಂತಳು.

"ನನಗ್ಯಾಕೆ ರೇವಮ್ಮ?"

"ಸುಮ್ಕೆ ನಿಂತ್ಕಳಿ. ಎರಡು ಪುಟ ಬರ್ದಿದೀರಿ."

ಮುಷ್ಟಿ ಅವಳ ತಲೆಯಿಂದ ಕಾಲಿನವರೆಗೆ ಇಳಿಯಿತು, ಏರಿತು, ಇಳಿಯಿತು. ಮದುವೆಯ ದಿನ ತಾಯಿ ದೃಷ್ಟಿ ತೆಗೆದದ್ದೇ ಕೊನೆ. ಆಮೇಲೆ ಇವಳ ಮೇಲೆ ಯಾರಾದರೂ ಕಣ್ಣಿಟ್ಟಾರು ಎಂದು ಯಾರೂ ಹೆದರಿರಲಿಲ್ಲ. ಹೆದರುವಂಥದ್ದು ಏನೂ ಉಳಿದಿಲ್ಲ ಎಂದು ಎಲ್ಲರೂ, ಅವಳೂ, ಒಪ್ಪಿಕೊಂಡಾಗಿತ್ತು. ಒರಟು ಕೈ ಕೆನ್ನೆಯ ಪಕ್ಕದಲ್ಲಿ ಹಾದಾಗ ಉಪ್ಪಿಟ್ಟಿನ ವಾಸನೆ ಬಂತು. ರೇವಮ್ಮ ಮೂರು ಸಲ ಥೂ ಥೂ ಎಂದು ಮುಷ್ಟಿಯಲ್ಲಿದ್ದುದನ್ನು ಒಲೆಗೆ ಹಾಕಿದಳು. ಕಾಗದ ಮೊದಲು ಹತ್ತಿಕೊಂಡಿತು. ದುಂಡನೆಯ ಅಕ್ಷರ ಸುರುಟಿ ಕಪ್ಪಾಯಿತು, ಉಪ್ಪು ಚಟಪಟ ಸಿಡಿಯಿತು, ಬೇರೆ ಶಾಯಿಯ ಸಾಲು ಒಂದು ಗಳಿಗೆ ಹೊಳೆದು ಹೋಯಿತು. ಆಮೇಲೆ ಏನೂ ಇಲ್ಲ. ಮಕ್ಕಳು ಕಾಯುತ್ತಿದ್ದವು. ತೋಂಟದಾರ್ಯ ಕಾಯುತ್ತಿದ್ದ. ತಾನು ಇದನ್ನು ನಂಬುವವಳಲ್ಲ ಎಂದು ಗಿರಿಜಾಂಬಿಕಾ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಆ ಗೋಡೆಯ ಈಚೆ ನಿಂತ ಹಾಗೆ ಮೂಗು ಅರಳಿಸಿ ಉಸಿರು ಎಳೆದುಕೊಂಡಳು. ಏನೂ ಇಲ್ಲ. ಬರೀ ಹೊಗೆ.

ಮೊದಲು ಸೀನಿದ್ದು ಬೋರಿ. ಆಮೇಲೆ ಅದರ ಪಕ್ಕದ ಮಗು. ಆಮೇಲೆ ಇಡೀ ಸಾಲು. ಗಂಟಲಿಗೆ ಚೂರಿ ಹಾಕಿದಂತೆ ಘಾಟು ಒಂದೇ ಸಲಕ್ಕೆ ಕೋಣೆಯೆಲ್ಲ ತುಂಬಿತು. ತೋಂಟದಾರ್ಯ ಟವೆಲನ್ನು ಮೂಗಿಗೆ ಒತ್ತಿಕೊಂಡು ಅಂಗಳಕ್ಕೆ ಓಡಿದ. "ಕೊಲ್ತೀಯೇನಮ್ಮೀ!" ಎಂದು ಅಲ್ಲಿಂದ ಕೂಗಿ ಕೆಮ್ಮಿದ. ಮಕ್ಕಳು ಕೆಮ್ಮುತ್ತ, ನಗುತ್ತ, ಸೀನುತ್ತ ಅವನ ಹಿಂದೆ ಓಡಿದವು.

"ಬಂತು ನೋಡಿ! ಘಾಟು ಬಂತು!" ರೇವಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ಕೂಗುತ್ತಿದ್ದಳು. "ದೃಷ್ಟಿನೂ ಇಲ್ಲ, ಗಿಷ್ಟಿನೂ ಇಲ್ಲ. ನಿಮ್ಮ ಕಣ್ಣಲ್ಲಿ ಏನೂ ಇಲ್ಲ ಕಣಮ್ಮಾರೆ. ಆ ಮುದ್ಕಿ ಮನೆ ಮೆಣಸಿನ್ಕಾಯಿ ಹಳೇವು, ಅಷ್ಟೇಯ!"

ಗಿರಿಜಾಂಬಿಕಾ ಉತ್ತರ ಹೇಳಲು ನೋಡಿದಳು, ಕೆಮ್ಮು ಬಿಡಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕೆನ್ನೆಯಿಂದ ಗಲ್ಲಕ್ಕೆ, ಗಲ್ಲದಿಂದ ಕತ್ತಿಗೆ, ಸೀರೆಯ ಅಂಚಿಗೆ. ಒರೆಸಿದಷ್ಟೂ ಬರುತ್ತಿತ್ತು. ಒಂದು ಹೊತ್ತಿನ ಮೇಲೆ ಒರೆಸುವುದನ್ನು ಬಿಟ್ಟಳು. ಹೊಗೆಯೊಳಗೆ ರೇವಮ್ಮ ತಡವರಿಸುತ್ತ ಸ್ಟೂಲಿನ ಹತ್ತಿರ ಬಂದು, ಕೀಲಿಕೈ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ಮಸುಕಾಗಿ ಕಂಡಿತು. ಹೊರಗೆ ಮಕ್ಕಳ ಕೆಮ್ಮು ಒಂದೊಂದೂ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು.

"ಆ ಕಿಟಕಿ ತೆಗೀರಿ ಅಮ್ಮಾರೆ, ನಿಮ್ಮ ಪಕ್ಕದಾಗೇ ಐತೆ," ಎಂದಳು ರೇವಮ್ಮ.

ಅವಳು ಕೈ ಚಾಚಿ ತೆಗೆದಳು.